ತಾಟೆ, ತೊರಕೆಗಳ ಲೆಕ್ಕ ಬರೆಯುತ್ತ ಕಲಿತದ್ದು

ಮಂಗಳೂರು, ಮಲ್ಪೆಯ ದಕ್ಕೆಗಳಲ್ಲಿ ಬಂಗುಡೆ, ಬೂತಾಯಿ, ಅಂಜಲ್‌ಗಳ ಲೆಕ್ಕ ಇಡುವವರು ಬೇಕಾದಷ್ಟು ಜನ ಇದ್ದಾರೆ. ತಾಟೆ ಎಂದು ಇಲ್ಲಿ ಕರೆಯುವ ಶಾರ್ಕ್, ತೊರಕೆಗಳ ಕಡೆ ನೋಡುವವರು ಕಡಿಮೆ. ಅವು ಹೆಚ್ಚಾಗಿ ಬೇರೆ ಮೀನಿಗೆಂದು ಬಿಟ್ಟ ಬಲೆಗೆ ಬಿದ್ದು ಬರುತ್ತವೆ. ಬಂದದ್ದನ್ನೆಲ್ಲ ಒಟ್ಟಿಗೆ ರಾಶಿ ಹಾಕಿ ಹರಾಜು ಕೂಗಿದರೆ ಅಲ್ಲಿಗೆ ಅವುಗಳ ಕಥೆ ಮುಗಿಯಿತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತ, ಬಿಡುವು ಸಿಕ್ಕಾಗ ಆ ರಾಶಿಯ ಪಕ್ಕ ಕೂತು ಪ್ರಭೇದ, ಅಳತೆ, ಗಂಡು, ಹೆಣ್ಣು ಎಂದು ಬರೆದುಕೊಳ್ಳುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡಿಕೊಂಡು ಬಂದಿದ್ದೇನೆ.

ಶಾರ್ಕ್, ತೊರಕೆ ಮತ್ತು ಆಳ ಕಡಲಿನ ಕೈಮೆರಾಗಳು ಸೇರಿ ಮೃದ್ವಸ್ಥಿ ಮೀನುಗಳ ವರ್ಗ ಆಗುತ್ತದೆ. ಜಗತ್ತಿನಲ್ಲಿ ಇವುಗಳ 1,200ಕ್ಕೂ ಹೆಚ್ಚು ಪ್ರಭೇದಗಳಿವೆ. 2021ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಇವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರಭೇದಗಳು ಅಳಿವಿನ ಅಂಚಿಗೆ ಬಂದಿವೆ. ಕಾರಣ ಮುಖ್ಯವಾಗಿ ಮೀನುಗಾರಿಕೆಯೇ. ಒಂದು ಪ್ರಭೇದ ಕುಸಿಯುತ್ತಿದ್ದಾಗ ನಾವು ಅದನ್ನು ಇನ್ನೊಂದರ ಹೆಸರಿನಲ್ಲಿ ಬರೆದಿಟ್ಟರೆ ಆ ಕುಸಿತ ಯಾವ ಕಾಗದದಲ್ಲೂ ಕಾಣುವುದಿಲ್ಲ. ನನ್ನ ಹಳೆಯ ವಹಿಗಳಲ್ಲಿ ಅಂಥ ತಪ್ಪುಗಳು ತುಂಬಿವೆ. ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗ ಹುಡುಗಿಯರು ಅವನ್ನೇ ಮತ್ತೆ ಮಾಡದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲು ಮೀನನ್ನು ಮಗುಚಿ

ಆರಂಭದಲ್ಲಿ ನಾನು ಮೇಲಿನಿಂದ ನೋಡಿಯೇ ಹೆಸರು ಬರೆಯುತ್ತಿದ್ದೆ. ಉದ್ದನೆಯ ಮೈ, ಬೆನ್ನಿನ ಮೇಲೆ ಎತ್ತರದ ಎರಡು ಈಜುರೆಕ್ಕೆ, ದಪ್ಪ ಬಾಲ ಇದ್ದರೆ ಶಾರ್ಕ್. ಹಾಸಿದ ಹಾಗೆ ಚಪ್ಪಟೆಯಾಗಿದ್ದರೆ ತೊರಕೆ. ಈ ಲೆಕ್ಕದಲ್ಲಿ ಒಂದು ಹಂಗಾಮು ಪೂರ್ತಿ ರಿಂಕೋಬ್ಯಾಟಸ್ ಕುಲದ ವೆಜ್‌ಫಿಶ್‌ಗಳನ್ನು ಶಾರ್ಕ್‌ಗಳ ಪಟ್ಟಿಗೆ ಸೇರಿಸಿದೆ. ಅವುಗಳ ರೆಕ್ಕೆಗೆ ಒಳ್ಳೆಯ ಬೆಲೆ ಇದ್ದುದರಿಂದ ವ್ಯಾಪಾರಿಗಳೂ ದೊಡ್ಡ ಶಾರ್ಕ್‌ಗಳ ಜೊತೆಯಲ್ಲೇ ಇಡುತ್ತಿದ್ದರು, ನನಗೆ ಅನುಮಾನವೇ ಬರಲಿಲ್ಲ. ಕೊನೆಗೆ ಮೀನು ಕೊಯ್ಯಲು ಕೂತಿದ್ದ ಹೆಂಗಸೊಬ್ಬರು ಅದನ್ನು ಮಗುಚಿ ಹಾಕಿ ನನ್ನನ್ನು ಕರೆದರು. “ಇದರ ಕಿವಿರು ಅಡಿಯಲ್ಲಿ ಉಂಟು ನೋಡಿ ಮಾಷ್ಟ್ರೆ. ತಾಟೆಯದ್ದು ಕೆನ್ನೆಯ ಬದಿಯಲ್ಲಿ ಅಲ್ವಾ ಇರುವುದು?” “ಹೌದಕ್ಕ” ಎಂದು ತಲೆಯಾಡಿಸಿ ವಹಿ ತೆಗೆದು ನೋಡಿದೆ. ಎಷ್ಟು ಸಾಲು ತಿದ್ದಬೇಕು ಎಂದು ಗೊತ್ತಾಗದೆ ಕೂತೆ, ಏಕೆಂದರೆ ಆ ಮೀನುಗಳೆಲ್ಲ ಅಷ್ಟರಲ್ಲಿ ಮಾರಾಟವಾಗಿ ಹೋಗಿದ್ದವು.

ಆ ಅಕ್ಕ ಹೇಳಿದ್ದು ಈ ವರ್ಗದ ವಿಂಗಡಣೆಯ ಮೊದಲ ಮೆಟ್ಟಿಲು. ಶಾರ್ಕ್‌ಗಳಿಗೆ ಐದರಿಂದ ಏಳು ಜೊತೆ ಕಿವಿರು ಸೀಳುಗಳು ತಲೆಯ ಪಕ್ಕದಲ್ಲಿರುತ್ತವೆ, ಎದೆಯ ರೆಕ್ಕೆಗಳು ತಲೆಯಿಂದ ಬಿಡಿಯಾಗಿರುತ್ತವೆ. ತೊರಕೆಗಳಲ್ಲಿ ಎದೆಯ ರೆಕ್ಕೆ ಕೆನ್ನೆಗೇ ಕೂಡಿಕೊಂಡು ಬೆಳೆಯುವುದರಿಂದ ಸೀಳುಗಳು ಅಡಿಗೆ ಹೋಗುತ್ತವೆ. ವೆಜ್‌ಫಿಶ್, ಗಿಟಾರ್ ಮೀನು, ಗರಗಸ ಮೀನು, ಈ ಮೂರೂ ಮೇಲಿನಿಂದ ಶಾರ್ಕಿನಂತೆ ಕಂಡರೂ ಕಿವಿರು ಅಡಿಯಲ್ಲೇ ಇರುತ್ತದೆ. ಮೂರೂ ಒಂದೇ ಗಣಕ್ಕೆ ಸೇರಿದ ತೊರಕೆಗಳು. ಕೈಮೆರಾಗಳದ್ದು ಮೂರನೆಯ ದಾರಿ. ಅವಕ್ಕೆ ಎರಡು ಬದಿಗೂ ಒಂದೊಂದೇ ತೆರಪು, ಅದರ ಮೇಲೆ ಮಾಂಸದ ಮುಚ್ಚಳ. ಮೇಲ್ದವಡೆ ತಲೆಬುರುಡೆಗೆ ಅಂಟಿಕೊಂಡಿರುತ್ತದೆ, ಚರ್ಮದ ಮೇಲೆ ಹುರುಪೆ ಇರುವುದಿಲ್ಲ. ಆಳದಲ್ಲಿ ಬದುಕುವ ಅವು ನಮ್ಮ ದಕ್ಕೆಯಲ್ಲಿ ಕಾಣಸಿಗುವುದು ಅಪರೂಪ.

ಮೇಲಿನ ಹೋಲಿಕೆಗೆ ಮರುಳಾದವರಲ್ಲಿ ದೊಡ್ಡ ವಿದ್ವಾಂಸರೂ ಇದ್ದರು ಎಂದು ಆಮೇಲೆ ಓದಿ ತಿಳಿಯಿತು. 1992ರಲ್ಲಿ ಜಪಾನಿನ ಶಿಗೇರು ಶಿರಾಯಿ ಎಲುಬುಗೂಡು, ಸ್ನಾಯುಗಳನ್ನು ಬಹಳ ಎಚ್ಚರದಿಂದ ಹೋಲಿಸಿ, ತೊರಕೆಗಳು ಶಾರ್ಕ್‌ಗಳ ಒಳಗಿನದೇ ಒಂದು ಕವಲು, ಗರಗಸ ಶಾರ್ಕ್‌ಗಳಿಗೆ ತೀರ ಹತ್ತಿರದವು ಎಂದು ಪ್ರತಿಪಾದಿಸಿದರು. ಹತ್ತು ವರ್ಷ ಅದಕ್ಕೆ ಒಳ್ಳೆಯ ಮನ್ನಣೆಯಿತ್ತು. 2003ರ ನಂತರ ಡಿಎನ್‌ಎ ಅಧ್ಯಯನಗಳು ಬೇರೆಯದನ್ನೇ ತೋರಿಸಿದವು: ಶಾರ್ಕ್‌ಗಳೆಲ್ಲ ಒಂದು ಕವಲು, ತೊರಕೆಗಳೆಲ್ಲ ಇನ್ನೊಂದು, ಎರಡೂ ಬಹಳ ಹಿಂದೆಯೇ ಬೇರೆಯಾದವು. ಗರಗಸ ಮೀನು, ಗರಗಸ ಶಾರ್ಕ್‌ಗಳ ಹಲ್ಲುಳ್ಳ ಮೂತಿ ಎರಡು ಕಡೆ ಬೇರೆಬೇರೆಯಾಗಿ ಮೂಡಿದ್ದು. ಶಿರಾಯಿಯವರ ಅಂಗರಚನೆಯ ವಿವರಗಳು ಮಾತ್ರ ಇವತ್ತಿಗೂ ಬಳಕೆಗೆ ಬರುತ್ತವೆ. ತೀರ್ಮಾನ ಬಿದ್ದುಹೋದರೂ ನೋಡಿ ಬರೆದದ್ದು ಉಳಿಯುತ್ತದೆ ಎನ್ನುವುದಕ್ಕೆ ನಾನು ವಿದ್ಯಾರ್ಥಿಗಳಿಗೆ ಕೊಡುವ ಉದಾಹರಣೆ ಇದು.

2. ಓದಿದ ಮೀನನ್ನೇ ಎಲ್ಲೆಲ್ಲೂ ಕಾಣಬೇಡಿ

ಭಾರತದಲ್ಲಿ ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದ ಹಲವು ತಲೆಮಾರುಗಳಿಗೆ ಶಾರ್ಕ್ ಎಂದರೆ ಸ್ಕೋಲಿಯೋಡಾನ್. 1928ರಲ್ಲಿ ಇ.ಎಂ. ತಿಲ್ಲಯಂಪಳಂ ಅವರು ಇಂಡಿಯನ್ ಝೂಲಾಜಿಕಲ್ ಮೆಮಾಯ್ರ್ಸ್ ಮಾಲೆಯಲ್ಲಿ ಅದರ ಅಂಗರಚನೆಯ ಬಗ್ಗೆ ಒಂದು ಪುಸ್ತಕ ಬರೆದರು. ಆಮೇಲಿನ ಪಠ್ಯಗಳ ಚಿತ್ರಗಳು, ಪ್ರಯೋಗಾಲಯದ ಕೊಯ್ಯುವಿಕೆ, ಪರೀಕ್ಷೆಯ ಪ್ರಶ್ನೆ, ಎಲ್ಲಕ್ಕೂ ಆ ಮೀನೇ ಮಾದರಿ. ನಾನೂ ಅದನ್ನೇ ಕೊಯ್ದು ಕಲಿತೆ. ಅದರ ಫಲವಾಗಿ ದಕ್ಕೆಯಲ್ಲಿ ಮೊಳಕೈ ಉದ್ದದ ಬೂದು ಬಣ್ಣದ ಶಾರ್ಕ್ ಕಂಡರೆ ಸಾಕು, ಸ್ಕೋಲಿಯೋಡಾನ್ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಅವುಗಳಲ್ಲಿ ಎಷ್ಟೋ ರೈಝೋಪ್ರಿಯೋನೋಡಾನ್ ಅಕ್ಯೂಟಸ್ ಆಗಿದ್ದವು. ಬೇರೆ ದೊಡ್ಡ ಶಾರ್ಕ್‌ಗಳ ಮರಿಗಳೂ ಇದ್ದಿರಬೇಕು.

ಬೇರ್ಪಡಿಸುವುದು ಕಷ್ಟವೇನಲ್ಲ, ನಿಂತು ನೋಡಬೇಕು ಅಷ್ಟೆ. ಸ್ಕೋಲಿಯೋಡಾನ್‌ನ ಮೂತಿ ಉದ್ದ, ಬಹಳ ಚಪ್ಪಟೆ. ಬೆನ್ನಿನ ಮೊದಲ ಈಜುರೆಕ್ಕೆ ಹಿಂದಕ್ಕೆ ಸರಿದು, ಅದರ ಹಿಂತುದಿ ಸೊಂಟದ ರೆಕ್ಕೆಗಳ ಬುಡದ ಮೇಲಕ್ಕೆ ಬರುತ್ತದೆ. ಎದೆಯ ರೆಕ್ಕೆ ಗಿಡ್ಡ, ಅಗಲ. ರೈಝೋಪ್ರಿಯೋನೋಡಾನ್‌ನಲ್ಲಿ ಬೆನ್ನಿನ ಮೊದಲ ರೆಕ್ಕೆ ಮುಂದೆ ಇರುತ್ತದೆ, ಬಾಯಿಯ ಮೂಲೆಯಲ್ಲಿ ಉದ್ದನೆಯ ಗೆರೆಯಂಥ ಮಡಿಕೆ ಎದ್ದು ಕಾಣುತ್ತದೆ.

ಸ್ಕೋಲಿಯೋಡಾನ್ ಎಂಬುದಾದರೂ ಒಂದೇ ಅಲ್ಲ. ಜರ್ಮನಿಯ ಯೋಹಾನ್ನೆಸ್ ಮ್ಯೂಲರ್ ಮತ್ತು ಯಾಕೋಬ್ ಹೆನ್ಲೆ 1838ರಲ್ಲಿ ಹೆಸರಿಟ್ಟ ಸ್ಕೋಲಿಯೋಡಾನ್ ಲ್ಯಾಟಿಕಾಡಸ್ ನಮ್ಮ ಅರಬ್ಬಿ ಸಮುದ್ರದಲ್ಲಿದೆ. ಪೂರ್ವದ ಕಡಲುಗಳಲ್ಲಿರುವುದು ಸ್ಕೋಲಿಯೋಡಾನ್ ಮ್ಯಾಕ್ರೋರಿಂಕೋಸ್ ಎಂಬ ಬೇರೆ ಪ್ರಭೇದ ಎಂದು 2010ರಲ್ಲಿ ಸ್ಪಷ್ಟವಾಯಿತು. ಮೂತ್ರಪಿಂಡದ ಪಾಠದಲ್ಲಿ ಬರುವ ‘ಹೆನ್ಲೆಯ ಕುಣಿಕೆ’ಯ ಹೆನ್ಲೆ ಇವರೇ ಎಂದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ವೈದ್ಯರೊಬ್ಬರು ಶಾರ್ಕ್‌ಗಳ ವರ್ಗೀಕರಣಕ್ಕೂ ಅಡಿಪಾಯ ಹಾಕುತ್ತಿದ್ದ ಕಾಲ ಅದು.

3. ಮೂಳೆ ಇಲ್ಲದ ಪ್ರಾಣಿ ಹಿಂದುಳಿದದ್ದು ಎಂದು ಪಾಠ ಮಾಡಬೇಡಿ

ನಾನು ತರಗತಿಯಲ್ಲಿ ವರ್ಷಾನುಗಟ್ಟಲೆ ಹೇಳಿದ್ದು ಹೀಗೆ: ಮೊದಲು ಮೃದ್ವಸ್ಥಿ ಇತ್ತು, ಆಮೇಲೆ ಮೂಳೆ ಬಂತು, ಶಾರ್ಕ್‌ಗಳು ಮೊದಲ ಹಂತದಲ್ಲೇ ನಿಂತವು. ಕೇಳಲು ಸರಳ, ಬರೆದರೆ ಅಂಕವೂ ಬರುತ್ತಿತ್ತು. ಒಬ್ಬಳು ವಿದ್ಯಾರ್ಥಿನಿ ಎದ್ದು ನಿಂತು, “ಸ್ಕೋಲಿಯೋಡಾನ್ ಮರಿಗೆ ಹೊಕ್ಕುಳಬಳ್ಳಿ, ಮಾಸು ಎಲ್ಲ ಇದೆ ಎಂದು ಹೋದ ವಾರ ನೀವೇ ಹೇಳಿದಿರಿ ಸರ್, ಹಿಂದುಳಿದ ಪ್ರಾಣಿಗೆ ಅದೆಲ್ಲ ಹೇಗೆ ಬಂತು?” ಎಂದು ಕೇಳಿದಳು. ನಾನು ಆ ದಿನ ಏನೋ ಹೇಳಿ ಅವಳನ್ನು ಕೂರಿಸಿದೆ. ಅದು ಉತ್ತರವಾಗಿರಲಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಪಳೆಯುಳಿಕೆಗಳು ಅವಳ ಪರವಾಗಿಯೇ ಇವೆ. ಶಾರ್ಕ್‌ಗಳಿಗಿಂತ ಹಿಂದಿನ ದವಡೆಯುಳ್ಳ ಮೀನುಗಳ ಮೈಮೇಲೆ ಮೂಳೆಯ ಕವಚವಿತ್ತು. ಮಂಗೋಲಿಯಾದಲ್ಲಿ ಸಿಕ್ಕ ಸುಮಾರು 41 ಕೋಟಿ ವರ್ಷ ಹಳೆಯ ಮಿಂಜಿನಿಯಾ ಎಂಬ ಮೀನಿನ ತಲೆಬುರುಡೆಯ ಒಳಗೂ ನಿಜವಾದ ಮೂಳೆಯಿದೆ ಎಂದು 2020ರಲ್ಲಿ ವರದಿಯಾಯಿತು. ಅಂದರೆ ಶಾರ್ಕ್‌ಗಳ ಪೂರ್ವಜರಿಗೆ ಮೂಳೆಯಿತ್ತು, ಈ ಕವಲು ಅದನ್ನು ಬಿಟ್ಟುಕೊಟ್ಟಿತು ಎಂದು ತಿಳಿಯುವುದೇ ಹೆಚ್ಚು ಸರಿ. ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಹಗುರವಾದ ಮೈ ಸಿಕ್ಕಿತು. ಗಾಳಿಚೀಲ ಇಲ್ಲದ ಪ್ರಾಣಿಗೆ ಅದು ಸಣ್ಣ ಲಾಭವಲ್ಲ. ಉಳಿದ ತೇಲುವಿಕೆಯನ್ನು ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗ ನೋಡಿಕೊಳ್ಳುತ್ತದೆ. ಮೃದ್ವಸ್ಥಿ ಎಂದ ಮಾತ್ರಕ್ಕೆ ಮೆತ್ತಗಿರುತ್ತದೆ ಎಂದೂ ಅಲ್ಲ. ದವಡೆಯ ಮೇಲ್ಮೈಗೆ ಸುಣ್ಣದ ಅಂಶದ ಚಿಕ್ಕಚಿಕ್ಕ ಬಿಲ್ಲೆಗಳನ್ನು ನೆಲಕ್ಕೆ ಟೈಲ್ಸ್ ಹಾಸಿದಂತೆ ಜೋಡಿಸಿಕೊಂಡಿರುವುದು ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಚರ್ಮದ ಮೇಲಿನ ಪ್ರತಿಯೊಂದು ಹುರುಪೆಗೂ ಹಲ್ಲಿನ ರಚನೆಯೇ ಇದೆ: ನಡುವೆ ತಿರುಳು, ಸುತ್ತ ಡೆಂಟಿನ್, ಹೊರಗೆ ಎನಾಮಲ್‌ನಂಥ ಗಟ್ಟಿ ಪದರ. ಮೂತಿಯ ಮೇಲಿನ ರಂಧ್ರಗಳನ್ನು ಇಟಲಿಯ ಸ್ಟೆಫಾನೊ ಲೊರೆಂಝೀನಿ 1678ರಲ್ಲೇ ವಿವರಿಸಿದ್ದರು. ಅವು ಮರಳಿನಡಿ ಅಡಗಿದ ಮೀನಿನ ಮೈಯ ವಿದ್ಯುತ್ತನ್ನು ಗುರುತಿಸುವ ಅಂಗಗಳು ಎಂದು ಪ್ರಯೋಗಗಳಿಂದ ಖಚಿತವಾಗಲು 20ನೇ ಶತಮಾನದ ಉತ್ತರಾರ್ಧ ಬರಬೇಕಾಯಿತು.

ಲಿನೇಯಸ್ 1758ರ ತನ್ನ ಗ್ರಂಥದಲ್ಲಿ ಶಾರ್ಕ್, ತೊರಕೆ, ಕೈಮೆರಾಗಳನ್ನು ಮೀನುಗಳ ಗುಂಪಿನಲ್ಲಿಡದೆ ಉಭಯವಾಸಿಗಳ ಜೊತೆ ಇಟ್ಟಿದ್ದ. ಅದು ತಪ್ಪು, ಸರಿ. ಆದರೆ ಇವು ಉಳಿದ ಮೀನುಗಳ ಹಾಗಿಲ್ಲ ಎಂದು ಅವನಿಗೆ ಅನಿಸಿತಲ್ಲ, ಆ ಅನುಮಾನ ನನ್ನ ಪಾಠಕ್ಕಿಂತ ಸತ್ಯಕ್ಕೆ ಹತ್ತಿರವಾಗಿತ್ತು.

4. ವಾಸನೆಗೆ ಹೆದರಿ ಮಾದರಿ ಎಸೆಯಬೇಡಿ

ಅಮೋನಿಯಾ ವಾಸನೆ ಮೂಗಿಗೆ ಹೊಡೆದ ತೊರಕೆಗಳನ್ನು “ಕೊಳೆತದ್ದು, ಅಳತೆಗೆ ಯೋಗ್ಯವಲ್ಲ” ಎಂದು ಬರೆದು ಬಿಟ್ಟುಬಿಡುತ್ತಿದ್ದೆ. ಅಂಜಲ್, ಬಂಗುಡೆಯ ತಾಜಾತನವನ್ನು ನೋಡುವ ಅಳತೆಗೋಲಿನಲ್ಲೇ ಇವನ್ನೂ ನೋಡಿದ್ದೆ. ಸಮುದ್ರದ ಉಪ್ಪಿನ ಎದುರು ಮೈಯ ನೀರನ್ನು ಉಳಿಸಿಕೊಳ್ಳಲು ಮೃದ್ವಸ್ಥಿ ಮೀನುಗಳು ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾವನ್ನು ದಂಡಿಯಾಗಿ ಇಟ್ಟುಕೊಳ್ಳುತ್ತವೆ. ಅಷ್ಟು ಯೂರಿಯಾ ಪ್ರೋಟೀನ್‌ಗಳನ್ನು ಕೆಡಿಸದಂತೆ ಟಿಎಂಎಓ ಎಂಬ ಇನ್ನೊಂದು ರಾಸಾಯನಿಕವೂ ಜೊತೆಗಿರುತ್ತದೆ. ಹೆಚ್ಚಾದ ಉಪ್ಪನ್ನು ಗುದನಾಳದ ಬಳಿಯ ಗ್ರಂಥಿ ಹೊರಹಾಕುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಆ ಯೂರಿಯಾವನ್ನು ಒಡೆಯತೊಡಗಿದರೆ ಅಮೋನಿಯಾ ಬಹಳ ಬೇಗ ಏಳುತ್ತದೆ. ಮೈಯ ಆಕಾರ ಕೆಡುವುದಕ್ಕೆ ಇನ್ನೂ ಸಮಯವಿರುತ್ತದೆ, ಅಳತೆಗೆ ಏನೂ ಅಡ್ಡಿಯಿಲ್ಲ.

ಕಡಲ ಬದಿಯ ಅಡುಗೆಮನೆಗೆ ಇದು ಗೊತ್ತಿದೆ. ಚೆನ್ನಾಗಿ ತೊಳೆದು, ಹುಳಿ ಮುಂದಾಗಿ ಹಾಕಿ ಬೇಯಿಸುವುದು, ಉಪ್ಪು ಹಾಕಿ ಒಣಗಿಸುವುದು ಎಲ್ಲ ಅದಕ್ಕೇ. ಸಣ್ಣ ತಾಟೆಯನ್ನು ಬಾಣಂತಿಗೆ ಎದೆಹಾಲು ಹೆಚ್ಚಲೆಂದು ಕೊಡುವ ರೂಢಿಯಿರುವ ಮನೆಗಳಲ್ಲಂತೂ ಮೀನು ಎಷ್ಟು ಹೊತ್ತಿನದು ಎಂದು ಮೂಸಿಯೇ ಹೇಳುವವರಿದ್ದಾರೆ. ನಾನು ಬಿಟ್ಟುಬಿಟ್ಟ ಆ ತೊರಕೆಗಳ ಸಂಖ್ಯೆ ಮಾತ್ರ ಈಗ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

5. ತೊರಕೆಯ ಬಾಲ ಅಳೆಯಬೇಡಿ

ಚುಚ್ಚುಮುಳ್ಳಿನ ತೊರಕೆಗಳ ಬಾಲದ ಮೇಲೆ ವಿಷದ ಮುಳ್ಳಿರುತ್ತದೆ. ದೋಣಿಯವರು ಬಲೆಯಿಂದ ಬಿಡಿಸುವಾಗಲೇ ಬಾಲ ಕತ್ತರಿಸಿ ಕಡಲಿಗೆ ಎಸೆಯುವುದುಂಟು. ಗೊತ್ತಿಲ್ಲದ ನಾನು ಮೂತಿಯಿಂದ ಬಾಲದ ತುದಿಯವರೆಗೆ ಟೇಪು ಹಿಡಿದು ಬರೆದೆ. ತುಂಡು ಬಾಲ, ಅರ್ಧ ಬಾಲ, ಪೂರ್ತಿ ಬಾಲ ಎಲ್ಲ ಒಂದೇ ಕಾಲಂನಲ್ಲಿ. ಆ ಅಂಕಿಗಳಿಂದ ಯಾರಿಗೂ ಉಪಯೋಗವಿಲ್ಲ. ಚಪ್ಪಟೆ ಮೈಯ ಅಗಲವನ್ನು, ಎಡ ರೆಕ್ಕೆಯ ತುದಿಯಿಂದ ಬಲ ರೆಕ್ಕೆಯ ತುದಿಗೆ, ನೇರವಾಗಿ ಅಳೆಯಬೇಕು.

ಅಳತೆಯಿಂದ ವಯಸ್ಸು ಊಹಿಸುವುದೂ ಬೇಡ. ಬೆನ್ನೆಲುಬಿನ ಮಣಿಗಳಲ್ಲಿ ಸುಣ್ಣಗಟ್ಟಿದ ಉಂಗುರಗಳನ್ನು ಎಣಿಸುವ ಕ್ರಮ ಇದೆ, ಅದೂ ಎಲ್ಲ ಪ್ರಭೇದಕ್ಕೆ ನಡೆಯುವುದಿಲ್ಲ. ಉತ್ತರದ ಹಿಮಗಡಲಿನ ಗ್ರೀನ್‌ಲ್ಯಾಂಡ್ ಶಾರ್ಕಿನ ಮಣಿಗಳು ಉಂಗುರ ಮೂಡದಷ್ಟು ಮೆತ್ತಗಿರುವುದರಿಂದ, 2016ರಲ್ಲಿ ಕಣ್ಣಿನ ಮಸೂರದ ಕಾರ್ಬನ್ ಪರೀಕ್ಷೆ ಮಾಡಿ ಅತಿ ದೊಡ್ಡ ಹೆಣ್ಣಿಗೆ ಕಡಿಮೆಯೆಂದರೂ 272 ವರ್ಷ ಆಗಿರಬಹುದು ಎಂದು ಅಂದಾಜು ಮಾಡಿದರು.

6. ಪಕ್ಕದಲ್ಲಿ ಬಿದ್ದ ಮರಿ ಯಾರದೆಂದು ಕೇಳಿ

ನನ್ನ ತಪ್ಪುಗಳಲ್ಲಿ ಹೆಚ್ಚು ಕಾಡುವುದು ಇದು. ಟ್ರಾಲ್ ದೋಣಿಗಳಿಂದ ಇಳಿದ ರಾಶಿಯಲ್ಲಿ ದೊಡ್ಡ ತೊರಕೆಗಳ ನಡುವೆ ಅಂಗೈಯಷ್ಟಗಲದ ಮರಿಗಳು ಸಿಗುತ್ತಿದ್ದವು. ಒಂದೊಂದನ್ನೂ ಬೇರೆ ಮೀನು ಎಂದು ಎಣಿಸಿದೆ. ಕಾಗದದ ಮೇಲೆ ಚೆಂದದ ಚಿತ್ರ ಮೂಡಿತು: ಆ ಜಾಗದಲ್ಲಿ ಮರಿಗಳು ಬೇಕಾದಷ್ಟಿವೆ, ಸಂತಾನ ಚೆನ್ನಾಗಿದೆ. ಒಂದು ಸಣ್ಣ ಸಭೆಯಲ್ಲಿ ಹಾಗೆಂದು ಹೇಳಿಯೂ ಬಂದೆ. ದೋಣಿಯ ಹಿರಿಯರೊಬ್ಬರ ಜೊತೆ ಮಾತಾಡುವಾಗ ನಿಜ ಗೊತ್ತಾಯಿತು. “ಅದು ಬಲೆಗೆ ಬಿದ್ದದ್ದಲ್ಲ ಮಾಷ್ಟ್ರೆ. ತಾಯಿಯನ್ನು ಮೇಲೆ ಎಳೆದಾಗ ಅದು ಮರಿ ಹಾಕಿಬಿಡ್ತದೆ. ಕೆಲವು ತಿಂಗಳು ತುಂಬದ್ದೂ ಇರ್ತದೆ” ಎಂದರು. ಹಿಡಿದಾಗಿನ ಒತ್ತಡಕ್ಕೆ ಬಸುರಿ ತೊರಕೆಗಳು, ಕೆಲವು ಶಾರ್ಕ್‌ಗಳು ಅಕಾಲದಲ್ಲಿ ಮರಿ ಕಳೆದುಕೊಳ್ಳುವುದು ಸಂಶೋಧನೆಗಳಲ್ಲೂ ದಾಖಲಾಗಿದೆ. ನಾನು ಸಂತಾನದ ಸಮೃದ್ಧಿ ಎಂದು ಬರೆದದ್ದು ಗರ್ಭಪಾತದ ಲೆಕ್ಕವಾಗಿತ್ತು. ಸಭೆಯಲ್ಲಿ ಕೇಳಿದ್ದವರಿಗೆ ಆಮೇಲೆ ಪತ್ರ ಬರೆದು ತಿಳಿಸಿದೆ. ಎಲ್ಲರಿಗೂ ತಲುಪಿತೋ ಇಲ್ಲವೋ.

ಅಂದಿನಿಂದ ಹೊಟ್ಟೆ ಕೊಯ್ಯುವವರ ಪಕ್ಕದಲ್ಲಿ ಹೆಚ್ಚು ಹೊತ್ತು ಕೂರುತ್ತೇನೆ. ಗಂಡಿನ ಗುರುತು ಹೊರಗೇ ಇದೆ: ಸೊಂಟದ ರೆಕ್ಕೆಗಳ ಒಳಬದಿಯಲ್ಲಿ ಕೋಲಿನಂತೆ ಚಾಚಿದ ಎರಡು ಕ್ಲಾಸ್ಪರ್‌ಗಳು. ಅವು ಇನ್ನೂ ಗಿಡ್ಡವಾಗಿ ಬಾಗುವಂತಿದ್ದರೆ ಎಳೆಯದು. ಉದ್ದವಾಗಿ ಸುಣ್ಣಗಟ್ಟಿ ಗಟ್ಟಿಯಾಗಿದ್ದರೆ ಬಲಿತದ್ದು. ಮೃದ್ವಸ್ಥಿ ಮೀನುಗಳಲ್ಲೆಲ್ಲ ಗರ್ಭಧಾರಣೆ ದೇಹದ ಒಳಗೇ ಆಗುತ್ತದೆ. ಅಲ್ಲಿಂದ ಮುಂದೆ ದಾರಿಗಳು ಕವಲೊಡೆಯುವುದು ನೋಡಿದರೆ ಬೆರಗಾಗುತ್ತದೆ. ಬಿದಿರು ಶಾರ್ಕ್‌ಗಳು, ಸ್ಕೇಟ್‌ಗಳು ಗಟ್ಟಿ ಕೋಶದೊಳಗೆ ಮೊಟ್ಟೆಯಿಡುತ್ತವೆ. ಚುಚ್ಚುಮುಳ್ಳಿನ ತೊರಕೆಗಳ ಗರ್ಭಕೋಶದ ಗೋಡೆಯಿಂದ ಎಳೆಗಳು ಬೆಳೆದು ಹಾಲಿನಂಥ ಪೌಷ್ಟಿಕ ದ್ರವ ಸ್ರವಿಸುತ್ತವೆ. ಮರಿಯ ಬಾಲದ ಮುಳ್ಳಿಗೆ ಹುಟ್ಟುವವರೆಗೂ ಮೆತ್ತನೆಯ ಹೊದಿಕೆ ಇರುತ್ತದೆ. ಗರಗಸ ಮೀನಿನ ಮರಿಯ ಗರಗಸಕ್ಕೂ ಹಾಗೆಯೇ, ಇಲ್ಲದಿದ್ದರೆ ತಾಯಿಯ ಗತಿ ಏನಾಗಬೇಕು! ಸ್ಯಾಂಡ್ ಟೈಗರ್ ಶಾರ್ಕಿನ ಗರ್ಭದಲ್ಲಿ ಮೊದಲು ಬೆಳೆದ ಮರಿ ಜೊತೆಯವನ್ನೇ ತಿಂದು ಬೆಳೆಯುತ್ತದೆ, ಎರಡು ಗರ್ಭಕೋಶಗಳಿಂದ ಹೊರಬರುವುದು ಸಾಮಾನ್ಯವಾಗಿ ಎರಡೇ. ಅಮೆರಿಕದ ಸ್ಟುವರ್ಟ್ ಸ್ಪ್ರಿಂಗರ್ ಬಸುರಿ ಶಾರ್ಕೊಂದರ ಗರ್ಭಕೋಶಕ್ಕೆ ಕೈ ಹಾಕಿದಾಗ ಒಳಗಿದ್ದ ಮರಿ ಕಚ್ಚಿತು ಎಂದು 1948ರಲ್ಲಿ ಬರೆದಿದ್ದಾರೆ.

ಮಾಸಿನ ಕಥೆ ಇದಕ್ಕಿಂತ ಹಳೆಯದು. ಒಂದು ಜಾತಿಯ ನುಣುಪು ಶಾರ್ಕಿನ ಮರಿ ಹೊಕ್ಕುಳಬಳ್ಳಿಯಿಂದ ತಾಯಿಯ ಗರ್ಭಕೋಶಕ್ಕೆ ಅಂಟಿಕೊಂಡಿರುತ್ತದೆ ಎಂದು ಅರಿಸ್ಟಾಟಲ್ ಬರೆದಿಟ್ಟಿದ್ದ. ನಂಬದವರೇ ಹೆಚ್ಚು. 1842ರಲ್ಲಿ ಅದು ನಿಜವೆಂದು ತೋರಿಸಿಕೊಟ್ಟವರು, ಸ್ಕೋಲಿಯೋಡಾನ್‌ಗೆ ಹೆಸರಿಟ್ಟ ಅದೇ ಮ್ಯೂಲರ್. ನಮ್ಮ ಸ್ಕೋಲಿಯೋಡಾನ್ ಇದರಲ್ಲಿ ಎಲ್ಲ ಶಾರ್ಕ್‌ಗಳಿಗಿಂತ ಮುಂದೆ ಹೋಗಿದೆ. ಅದರ ಅಂಡ ಸುಮಾರು 1 ಮಿ.ಮೀ. ಅಷ್ಟೇ, ಬಂಡಾರ (ಮೊಟ್ಟೆಯ ಹಳದಿ) ಇಲ್ಲವೆಂದೇ ಹೇಳಬೇಕು. ಮಾಸು ಇರುವ ಬೇರೆ ಶಾರ್ಕ್‌ಗಳ ಮರಿಗಳು ಮೊದಮೊದಲು ಬಂಡಾರ ಉಂಡು ಆಮೇಲೆ ತಾಯಿಗೆ ಅಂಟಿಕೊಂಡರೆ, ಇದು ತೀರ ಆರಂಭದಿಂದಲೇ ತಾಯಿಯನ್ನು ಅವಲಂಬಿಸುತ್ತದೆ. ಆ ವಿದ್ಯಾರ್ಥಿನಿ ಕೇಳಿದ್ದು ಇದೇ ಮೀನಿನ ಬಗ್ಗೆ.

ಇದೆಲ್ಲ ಬರೀ ಕೌತುಕವಲ್ಲ, ಲೆಕ್ಕಕ್ಕೂ ಬೇಕು. ಬಂಗುಡೆ ಒಂದು ಹಂಗಾಮಿನಲ್ಲಿ ಸಾವಿರಾರು ಮೊಟ್ಟೆ ಚೆಲ್ಲುತ್ತದೆ. ದೊಡ್ಡ ಮಂಟಾ ತೊರಕೆಗೆ ಒಂದು ಸಲಕ್ಕೆ ಒಂದೇ ಮರಿ, ಅದೂ ಸುಮಾರು ಒಂದು ವರ್ಷ ಹೊತ್ತ ಮೇಲೆ. ಹಾಗೆಂದು “ಶಾರ್ಕ್‌ಗಳಿಗೆ ಮರಿ ಕಡಿಮೆ” ಎಂದು ಒಂದೇ ಮಾತಿನಲ್ಲಿ ಹೇಳುವಂತೆಯೂ ಇಲ್ಲ. ಸ್ಕೋಲಿಯೋಡಾನ್ ಬೇಗ ಬಲಿಯುತ್ತದೆ, ಒಂದು ಸೂಲಿಗೆ ಹತ್ತಕ್ಕಿಂತ ಹೆಚ್ಚು ಮರಿ ಹಾಕುವುದೂ ಉಂಟು. 1995ರಲ್ಲಿ ತೈವಾನಿನಲ್ಲಿ ಸಿಕ್ಕ ತಿಮಿಂಗಿಲ ಶಾರ್ಕಿನ ಹೊಟ್ಟೆಯಲ್ಲಿ ಸುಮಾರು 300 ಮರಿಗಳಿದ್ದವು. ಯಾವುದಕ್ಕೆ ಎಷ್ಟು ರಕ್ಷಣೆ ಬೇಕೆಂದು ನಿರ್ಧರಿಸಲು ಪ್ರಭೇದಪ್ರಭೇದಕ್ಕೂ ಹೊಟ್ಟೆಯ ಲೆಕ್ಕ ಬೇಕು.

7. ಹೆಸರಿನ ಜೊತೆ ಚಿತ್ರವನ್ನೂ ಇಟ್ಟುಕೊಳ್ಳಿ

ಹಳೆಯ ವಹಿಗಳಲ್ಲಿ ನಾನು ಬರೀ ಹೆಸರು ಬರೆದೆ. ಚಿತ್ರ ತೆಗೆಯಲಿಲ್ಲ, ಚರ್ಮದ ತುಣುಕನ್ನೂ ಇಟ್ಟುಕೊಳ್ಳಲಿಲ್ಲ. ಹೆಸರು ಗಟ್ಟಿ, ಉಳಿದದ್ದು ಏಕೆ ಎಂದುಕೊಂಡಿದ್ದೆ. ಆಮೇಲೆ ಹೆಸರುಗಳೇ ಕದಲಿದವು. 2016ರಲ್ಲಿ ಚುಚ್ಚುಮುಳ್ಳಿನ ತೊರಕೆಗಳ ಡೇಸಿಯಾಟಿಡೇ ಕುಟುಂಬವನ್ನು ಪೀಟರ್ ಲಾಸ್ಟ್ ಮತ್ತು ಸಂಗಡಿಗರು ಹೊಸದಾಗಿ ವಿಂಗಡಿಸಿದರು. ನಾನು ಹಿಮಾಂಟುರಾ ಎಂದು ಬರೆದವು ಮ್ಯಾಕ್ಯುಲಬ್ಯಾಟಿಸ್, ಪೇಟಿಯೋಬ್ಯಾಟಿಸ್, ಬ್ರೆವಿಟ್ರೈಗಾನ್ ಎಂದು ಹಂಚಿಹೋದವು. ಮಂಟಾ ಕುಲ ಮೋಬ್ಯುಲಾದೊಳಗೆ ಸೇರಿತು. ಕುಲದ ಹೆಸರಷ್ಟೇ ಬದಲಾದರೆ ಹಳೆಯದನ್ನು ಹೊಡೆದು ಹೊಸದನ್ನು ಬರೆಯಬಹುದು. ಒಂದು ಪ್ರಭೇದ ಎರಡು ಮೂರಾಗಿ ಒಡೆದಾಗ ಅದು ಆಗುವುದಿಲ್ಲ. ನೀಲಿ ಚುಕ್ಕೆಯ ನಿಯೋಟ್ರೈಗಾನ್ ಕುಹ್ಲಿಯೈ ಎಂದು ಬರೆದುಕೊಂಡಿದ್ದ ಗುಂಪಿನಿಂದ 2018ರಲ್ಲಿ ಭಾರತದ ಕಡಲಿನ ನಿಯೋಟ್ರೈಗಾನ್ ಇಂಡಿಕಾ ಹೊರಬಂತು. ನನ್ನ ವಹಿಯ ಸಾಲುಗಳಲ್ಲಿ ಯಾವುದು ಯಾವುದೆಂದು ಹೇಳಲು ನನ್ನಲ್ಲಿ ಏನೂ ಇಲ್ಲ.

ಕಾನೂನಿಗೂ ಈ ತೊಡಕು ಬಿಡಲಿಲ್ಲ. 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿದ ಮೃದ್ವಸ್ಥಿ ಮೀನುಗಳಲ್ಲಿ ರಿಂಕೋಬ್ಯಾಟಸ್ ಜಿಡ್ಡೆನ್ಸಿಸ್ ಇತ್ತು. ನಮ್ಮ ವೆಜ್‌ಫಿಶ್‌ಗಳಿಗೆಲ್ಲ ಆಗ ಬಳಸುತ್ತಿದ್ದ ಹೆಸರು ಅದು. ಆಮೇಲೆ ನೋಡಿದರೆ ಜಿಡ್ಡೆನ್ಸಿಸ್ ಇರುವುದು ಕೆಂಪು ಸಮುದ್ರದಿಂದ ದಕ್ಷಿಣ ಆಫ್ರಿಕಾದವರೆಗಿನ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ. ನಮ್ಮ ದಕ್ಕೆಗಳಿಗೆ ಬರುವವು ಮುಖ್ಯವಾಗಿ ಆಸ್ಟ್ರೇಲಿಯೇ ಮತ್ತು ಲೇವಿಸ್. ರಕ್ಷಿಸಬೇಕೆಂದು ಕಾನೂನು ಹೊರಟದ್ದು ಇವನ್ನೇ, ಪಟ್ಟಿಯಲ್ಲಿದ್ದ ಹೆಸರು ಇನ್ನೊಂದರದು. 2022ರ ತಿದ್ದುಪಡಿಯಲ್ಲಿ ಪಟ್ಟಿ ವಿಸ್ತಾರವಾಯಿತು.

ಈಗ ಪ್ರತಿ ಮಾದರಿಗೂ ಮೇಲ್ಮೈ, ಅಡಿಭಾಗ, ತಲೆಯ ಪಕ್ಕ ಹೀಗೆ ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆಯುತ್ತೇವೆ. ರೆಕ್ಕೆಯ ತುಣುಕೊಂದನ್ನು ಎಥನಾಲ್‌ನಲ್ಲಿ ಹಾಕಿಡುತ್ತೇವೆ. ಮೊಬೈಲ್ ಎಲ್ಲರ ಕೈಯಲ್ಲಿರುವ ಕಾಲದಲ್ಲಿ ಇದಕ್ಕೆ ಖರ್ಚೇನೂ ಇಲ್ಲ.

8. ಸಿಗದೇ ಇದ್ದುದನ್ನೂ ಬರೆಯಿರಿ

ದಿನವಿಡೀ ಕೂತು ಗರಗಸ ಮೀನು ಕಾಣದಿದ್ದರೆ ನಾನು ಏನೂ ಬರೆಯುತ್ತಿರಲಿಲ್ಲ. ಕಾಣದ್ದನ್ನು ಬರೆಯುವುದೇನು ಎಂಬ ಭಾವನೆ. ಈಗ ಯಾರಾದರೂ, ನಿಮ್ಮ ವಹಿಯಲ್ಲಿ ಅದು ಇಲ್ಲ, ಆ ದಿನ ಬಂದಿರಲಿಲ್ಲವೋ, ನೀವು ನೋಡಿರಲಿಲ್ಲವೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎಷ್ಟು ದೋಣಿ ನೋಡಿದೆ, ಯಾವ ಬಲೆ, ಯಾವ ಪ್ರಭೇದ ಹುಡುಕಿದೆ, ಸಿಕ್ಕದ್ದು ಸೊನ್ನೆ ಎಂದು ಬರೆದಿದ್ದರೆ ಆ ಸೊನ್ನೆಗೆ ಬೆಲೆ ಇರುತ್ತಿತ್ತು.

ಜಾವಾದ ಯುರೊಲೋಫಸ್ ಜಾವಾನಿಕಸ್ ಎಂಬ ಸಣ್ಣ ತೊರಕೆಯ ಒಂದೇ ಒಂದು ಮಾದರಿ 1862ರಲ್ಲಿ ಜಕಾರ್ತಾದ ಮೀನು ಮಾರುಕಟ್ಟೆಯಲ್ಲಿ ಸಿಕ್ಕಿತ್ತು. ಆಮೇಲೆ ಯಾರೂ ಕಂಡಿಲ್ಲ. 2023ರ ಡಿಸೆಂಬರಿನಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್ ಅದು ಅಳಿದುಹೋಗಿದೆ ಎಂದು ಘೋಷಿಸಿತು. ಆ ತೀರ್ಮಾನಕ್ಕೆ ಬರಲು ಇಂಡೋನೇಷ್ಯಾದ ಮೀನುಕಟ್ಟೆಗಳಲ್ಲಿ ಹುಡುಕಿ, ಇಲ್ಲ ಎಂದು ಬರೆದಿಟ್ಟ ದಾಖಲೆಗಳೇ ಆಧಾರವಾದವು. ನಮ್ಮ ಪಾಂಡಿಚೆರಿ ಶಾರ್ಕಿನ ಖಚಿತ ದಾಖಲೆ 1979ರ ಈಚೆಗೆ ಇಲ್ಲ. ಅದು ಉಳಿದಿದೆಯೋ ಇಲ್ಲವೋ ಎಂಬುದನ್ನು ಹೇಳಬೇಕಾದರೆ ಇಲ್ಲಿಯೂ ಅಂಥ ಸೊನ್ನೆಗಳು ಬೇಕು.

ಗರಗಸ ಮೀನಿನ ವಿಷಯದಲ್ಲಿ ಹಿಂದಿನ ಕಾಲದ ಸಾಕ್ಷಿ ಕರಾವಳಿಯ ಮನೆಗಳಲ್ಲೇ ಇರಬಹುದು. ಅಜ್ಜನ ಕಾಲದಲ್ಲಿ ಸಿಕ್ಕಿದ ಗರಗಸವನ್ನು ಗೋಡೆಗೆ ತಗುಲಿಸಿಟ್ಟವರು, ದೈವದ ಕೋಣೆಯಲ್ಲಿ ಇಟ್ಟವರು ಯಾರಾದರೂ ಇದ್ದರೆ, ಅದನ್ನು ಅಲ್ಲಿಂದ ಕದಲಿಸದೆ ಎರಡೂ ಬದಿಯ ಪೂರ್ತಿ ಚಿತ್ರ ತೆಗೆಯಿರಿ. ಬುಡದಿಂದ ತುದಿಯವರೆಗಿನ ಉದ್ದ ಬರೆದುಕೊಳ್ಳಿ, ಎಡಬಲದ ಹಲ್ಲುಗಳನ್ನು ಬೇರೆಬೇರೆ ಎಣಿಸಿ, ಬಿದ್ದುಹೋದ ಹಲ್ಲಿನ ಗುಳಿಯನ್ನೂ ಲೆಕ್ಕಕ್ಕೆ ಸೇರಿಸಿ. ಬುಡದ ಭಾಗದಲ್ಲಿ ಹಲ್ಲೇ ಇಲ್ಲದಿದ್ದರೆ ಅದು ಅನಾಕ್ಸಿಪ್ರಿಸ್ಟಿಸ್. ಹಲ್ಲು ಬುಡದ ಹತ್ತಿರದಿಂದಲೇ ಶುರುವಾಗಿ, ಕಡಿಮೆ ಸಂಖ್ಯೆಯಲ್ಲಿ, ಒಂದೇ ಅಂತರದಲ್ಲಿದ್ದರೆ ಪ್ರಿಸ್ಟಿಸ್ ಪ್ರಿಸ್ಟಿಸ್ ಇರಬಹುದು. ತುದಿಯ ಕಡೆ ಹೋದಂತೆ ಒತ್ತೊತ್ತಾಗಿದ್ದರೆ ಪ್ರಿಸ್ಟಿಸ್ ಝೈಸ್ರಾನ್. ಯಾವ ಊರಿನ ಎದುರು, ಯಾವ ಬಲೆಗೆ, ಸುಮಾರು ಯಾವ ವರ್ಷ ಸಿಕ್ಕಿತು ಎಂದು ಮನೆಯ ಹಿರಿಯರನ್ನು ಕೇಳಿ ಚಿತ್ರದ ಜೊತೆಗೇ ಬರೆದಿಡಿ. ವರ್ಷ ನೆನಪಿಲ್ಲವೆಂದರೆ ಮನೆಯಲ್ಲಿ ಆಗ ಯಾರ ಮದುವೆಯಾಗಿತ್ತು, ಊರಿಗೆ ಮೊದಲ ಟ್ರಾಲ್ ದೋಣಿ ಬಂದಿತ್ತೇ ಎಂದು ಕೇಳಿದರೆ ಆಸುಪಾಸಿನ ಕಾಲ ಸಿಗುತ್ತದೆ.